ನೀರು ಓಡಿ ಬರಲಿಲ್ಲ, ಏರಿತು

ಕಾದಂಬರಿಯ ಕೊನೆಯ ಸಾಲು ಬರೆದಾಗ ಬೆಳಗ್ಗೆ ಆರೂ ಹತ್ತು. ಹೊರಗೆ ಆಗಸ್ಟ್ ತಿಂಗಳ ಮಳೆ. ಪೆನ್ನು ಮುಚ್ಚಿಟ್ಟು ಹಾಲು ಕಾಯಿಸಿದೆ, ಮಗಳ ಡಬ್ಬಿ ಕಟ್ಟಿದೆ, ಶಾಲೆಗೆ ಪಾಠ ಮಾಡಲು ಹೋದೆ. ನಾಲ್ಕು ವರ್ಷದ ಕೆಲಸ ಮುಗಿಯಿತು ಅಂತ ಅವತ್ತು ಯಾರಿಗೂ ಹೇಳಲಿಲ್ಲ. ಹೇಳೋಕೆ ಮನಸ್ಸೇ ಬರಲಿಲ್ಲ.

ಕಾದಂಬರಿ ಮುಳುಗಡೆಯದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ನನ್ನ ಅಮ್ಮನ ಕಡೆಯವರು ಊರು ಬಿಟ್ಟು ಶಿವಮೊಗ್ಗದ ಕಡೆ ಬಂದವರು. ಬರೆಯುವಾಗ ಹೊಳೆಬಾಗಿಲಲ್ಲಿ ಲಾಂಚ್ ಹತ್ತಿ ಹಿನ್ನೀರಿನ ಆಚೆಯ ತುಮರಿ ಕಡೆ ಎಷ್ಟೋ ಸಲ ಹೋಗಿದ್ದೇನೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತೆ. ಹಿನ್ನೀರಿನ ದಡದಲ್ಲಿ ಕೂತು ಬರೆದ ಪುಟಗಳೂ ಇವೆ. 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ನಾನು ಕೊನೆಯ ಅಧ್ಯಾಯದಲ್ಲಿದ್ದೆ. ನನ್ನ ಪುಸ್ತಕದ ಜನ ಇನ್ನೂ ಲಾಂಚ್‌ಗೆ ಕಾಯುತ್ತಿದ್ದರು.

ಬರೆದು ಮುಗಿದ ಮೇಲಿನ ಮೊದಲ ಎರಡು ವಾರ ಕಷ್ಟದ್ದು. ನಾಲ್ಕೂವರೆಗೆ ಎಚ್ಚರವಾಗುತ್ತಿತ್ತು. ಎದ್ದು ದೀಪ ಹಾಕಿ ಮೇಜಿನ ಮುಂದೆ ಕೂತರೆ ಮಾಡೋಕೆ ಏನೂ ಇರುತ್ತಿರಲಿಲ್ಲ. ಸಂತೆಯಲ್ಲಿ ಬಾಳೆಕಾಯಿ ಆರಿಸುವಾಗ, ಇದನ್ನು ಸುಬ್ಬಕ್ಕ ಹೇಗೆ ಒತ್ತಿ ನೋಡುತ್ತಿದ್ದಳು ಅಂತ ಯೋಚನೆ ಬರುತ್ತಿತ್ತು. ಸುಬ್ಬಕ್ಕ ನನ್ನ ಕಾದಂಬರಿಯ ಹೆಂಗಸು. ಅವಳ ಬಗ್ಗೆ ಬರೆಯುವುದೆಲ್ಲ ಮುಗಿದಿದೆ ಅಂತ ನೆನಪಾದ ತಕ್ಷಣ ಸಂತೆಯ ಮಧ್ಯದಲ್ಲೇ ಗಂಟಲು ಕಟ್ಟುತ್ತಿತ್ತು. ಮನೆಯಲ್ಲಿ ಹೇಳಿದರೆ ಅರ್ಥವಾಗುತ್ತೋ ಇಲ್ಲವೋ ಅಂತ ಸುಮ್ಮನಿದ್ದೆ. ಆಮೇಲೆ ಯಜಮಾನರೇ ಕೇಳಿದರು, "ಯಾಕೆ, ಯಾರಾದ್ರೂ ಊರಿಗೆ ಹೋದ್ರಾ?" ಹೌದು, ಹಾಗೇ ಆಗಿತ್ತು.

ಆ ದಿನಗಳಲ್ಲಿ ಹೊಸ ಕತೆಯೊಂದನ್ನು ಶುರು ಮಾಡಿದೆ. ಅದರಲ್ಲಿ ಬಂದವರೆಲ್ಲ ಸುಬ್ಬಕ್ಕನ ಹಾಗೇ ಮಾತಾಡಿದರು. ಮೂರು ಪುಟಕ್ಕೆ ನಿಲ್ಲಿಸಿದೆ.

ಮಾಡಬೇಕಾದ ಕೆಲಸ ಬೇರೆ ಇತ್ತು. ಬರೆದದ್ದು ಒಂಬತ್ತು ಉದ್ದ ನೋಟ್‌ಬುಕ್‌ಗಳಲ್ಲಿ. ಹಿಂದೆ ಒಂದು ಕಥಾಸಂಕಲನದ ಒಂದೇ ಪ್ರತಿಯನ್ನು ಪ್ರಕಾಶಕರೊಬ್ಬರಿಗೆ ಕೊಟ್ಟು ಕಳೆದುಕೊಂಡಿದ್ದೇನೆ. ಎಂಟು ತಿಂಗಳಾದ ಮೇಲೆ "ಸಿಗ್ತಾ ಇಲ್ಲಮ್ಮ" ಅಂದರು. ಅದಕ್ಕೇ ಈ ಸಲ ಮೊದಲು ಎಲ್ಲ ಪುಟಗಳ ಫೋಟೊ ತೆಗೆದೆ, ಆಮೇಲೆ ಟೈಪ್ ಮಾಡಿದೆ. ಅರ್ಧ ‘ನುಡಿ’ ತಂತ್ರಾಂಶದಲ್ಲಿ ಆಗಿತ್ತು. ಯುನಿಕೋಡ್‌ಗೆ ಬದಲಿಸಿದಾಗ ಕೆಲವು ಒತ್ತಕ್ಷರಗಳು ಒಡೆದವು, ಅದನ್ನೆಲ್ಲ ಕೂತು ಸರಿ ಮಾಡಿದೆ. ಸ್ಪೈರಲ್ ಬೈಂಡಿಂಗ್ ಮಾಡಿಸಿ ನಾಲ್ಕು ಪ್ರತಿ ತಂದೆ. ನನ್ನ ಪ್ರತಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟು ನಲವತ್ತು ದಿನ ಮುಟ್ಟಲಿಲ್ಲ.

ಉಳಿದ ಮೂರನ್ನು ಮೂವರಿಗೆ ಕೊಟ್ಟೆ. ಒಬ್ಬರು ಸಾಗರದ ಕಡೆಯವರು, ಒಬ್ಬರು ನಮ್ಮ ಶಾಲೆಯ ಮೇಡಂ, ಇನ್ನೊಬ್ಬಳು ಮಲೆನಾಡು ನೋಡದ ವಿಜಯಪುರದ ಗೆಳತಿ. "ಹೇಗಿದೆ ಅಂತ ಹೇಳಬೇಡಿ. ಓದ್ತಾ ಓದ್ತಾ ಎಲ್ಲಿ ಪುಸ್ತಕ ಕೆಳಗಿಟ್ಟಿರೋ ಅಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೀರಿ" ಅಂದೆ. ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳ್ತಾರೆ, ಅಲ್ವಾ? ಗೆರೆ ಹಾಗಲ್ಲ. ಮೂವರಲ್ಲಿ ಇಬ್ಬರ ಗೆರೆ ಒಂದೇ ಕಡೆ ಬಿದ್ದಿತ್ತು. ಜಮೀನಿನ ಸರ್ವೆ, ಪರಿಹಾರದ ಕಾಗದಪತ್ರ ಅಂತ ನಾನು ಹನ್ನೊಂದು ಪುಟ ಬರೆದಿದ್ದ ಜಾಗ ಅದು. ಆ ವಿಷಯ ಕಲೆಹಾಕಲು ನಾನು ತಿಂಗಳುಗಟ್ಟಲೆ ಓಡಾಡಿದ್ದೆ. ಆ ಓಡಾಟದ ಮೇಲಿನ ಮೋಹಕ್ಕೆ ಎಲ್ಲವನ್ನೂ ತುಂಬಿದ್ದೆ. ಮೂರು ಪುಟಕ್ಕೆ ಇಳಿಸಿದೆ.

ಇಷ್ಟಾದ ಮೇಲೆ ದೊಡ್ಡಮ್ಮನ ಹತ್ತಿರ ಹೋದೆ. ಊರು ಬಿಟ್ಟಾಗ ಅವರಿಗೆ ಹನ್ನೆರಡು ವರ್ಷ. ಈಗ ಕಣ್ಣು ಮಂಜು, ಓದಲು ಆಗಲ್ಲ. ದಸರಾ ರಜೆಯಲ್ಲಿ ಅವರ ಮನೆಯಲ್ಲೇ ಉಳಿದು ದಿನಾ ಸಂಜೆ ಒಂದೂವರೆ ಗಂಟೆ ಗಟ್ಟಿಯಾಗಿ ಓದಿದೆ. ಒಂಬತ್ತು ದಿನ ಹಿಡಿಯಿತು. ಗಟ್ಟಿಯಾಗಿ ಓದುವಾಗ ನಾಲಿಗೆಯೇ ಸುಳ್ಳು ಮಾತುಗಳನ್ನು ಹಿಡಿಯುತ್ತೆ. ಮಾತು ಮಾತಿನ ಹಾಗಿಲ್ಲದ ಕಡೆಯೆಲ್ಲ ನನಗೇ ಉಸಿರು ಸಿಕ್ಕಿಕೊಳ್ಳುತ್ತಿತ್ತು. ದೊಡ್ಡಮ್ಮ ಅಡಿಕೆ ಕತ್ತರಿಸುತ್ತಾ ಕೇಳುತ್ತಿದ್ದರು. ಏನೂ ಹೇಳುತ್ತಿರಲಿಲ್ಲ.

ಏಳನೇ ಸಂಜೆ ನೀರು ಬರುವ ಅಧ್ಯಾಯ. ನನಗೆ ಇಡೀ ಪುಸ್ತಕದಲ್ಲಿ ಅತಿ ಪ್ರೀತಿಯದು. ರಾತ್ರಿಯ ಮಳೆ, ನಾಯಿಗಳ ಕೂಗು, ಹೊಳೆ ನುಗ್ಗಿ ಬಂದು ಅಂಗಳ ತುಂಬುವುದು, ಜನ ಹಂಚು, ದಾರಂದ ಕಿತ್ತುಕೊಂಡು ಓಡುವುದು. ಅಡಿಕೆ ಕತ್ತರಿಯ ಸದ್ದು ನಿಂತಿತು.

"ಹಂಗಲ್ಲ ಮಾರಾಯ್ತಿ" ಅಂದರು. "ನೀರು ಓಡಿ ಬರ್ಲಿಲ್ಲ. ಏರ್ತು. ಮೊದ್ಲು ಗದ್ದೆ, ಆಮೇಲೆ ಕಣ. ನಾವು ಮಕ್ಳು ದಿನಾ ಬೆಳಗ್ಗೆ ನೀರಿನ ಅಂಚಿಗೆ ಕೋಲು ನೆಟ್ಟು ಬರ್ತಿದ್ವಿ. ಮಾರನೇ ದಿನ ಹೋದ್ರೆ ಕೋಲು ಇಲ್ಲ. ಗದ್ಲನೇ ಇರ್ಲಿಲ್ಲ. ಅದೇ ನೋಡು ಹೆದ್ರಿಕೆ ಆಗ್ತಿದ್ದದ್ದು."

ಅಣೆಕಟ್ಟಿನ ಹಿಂದೆ ನೀರು ನಿಲ್ಲುವುದು ಹಾಗೇ ಅಂತ ನನಗೆ ಗೊತ್ತಿತ್ತು. ಆದರೂ ಬರೆಯುವಾಗ ಪ್ರವಾಹವನ್ನೇ ಬರೆದಿದ್ದೆ. ಸದ್ದು ಬೇಕು ಅನ್ನಿಸಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತಾರು ಪುಟ ತೆಗೆಯಬೇಕಿತ್ತು. ಅದಕ್ಕೆ ಹೊಂದಿಕೊಂಡಿದ್ದ ಮುಂದಿನ ಎರಡು ಅಧ್ಯಾಯವೂ ಅಲುಗಾಡಿದವು. ಓಡುವವರು ಹಂಚು ಕಿತ್ತುಕೊಳ್ಳಲ್ಲ. ಕಾಯುವವರು ಒಂದೊಂದಾಗಿ ಇಳಿಸಿ, ಒರೆಸಿ, ಲೆಕ್ಕ ಇಟ್ಟು ಜೋಡಿಸುತ್ತಾರೆ. ಇದು ಹೊಳೆದ ಮೇಲೆ ಸುಬ್ಬಕ್ಕ ಮತ್ತೆ ಬಂದಳು. ಮಾರನೇ ಬೆಳಗ್ಗೆ ನಾಲ್ಕೂವರೆಗೆ ಎದ್ದಾಗ ಕೆಲಸ ಇತ್ತು.

ಹೊಸದಾಗಿ ಬರೆಯಲು ಎರಡೂವರೆ ತಿಂಗಳು ಬೇಕಾಯಿತು. ಈಗ ಆ ಅಧ್ಯಾಯ ಹದಿನಾಲ್ಕೇ ಪುಟ. ನಾಯಿ ಕೂಗಲ್ಲ, ಯಾರೂ ಓಡಲ್ಲ. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ತೆಗೆದುಕೊಂಡು ಹೋಗಿ ದೊಡ್ಡಮ್ಮನಿಗೆ ಅದಷ್ಟನ್ನೇ ಓದಿದೆ. ಮುಗಿದ ಮೇಲೆ ತುಂಬಾ ಹೊತ್ತು ಸುಮ್ಮನೆ ಕೂತಿದ್ದರು.

"ಕೋಲನ್ನ ಸುಬ್ಬಕ್ಕನ ಕೈಗೆ ಕೊಟ್ಟೀಯಾ?"

"ಹೂಂ ದೊಡ್ಡಮ್ಮ."

"ನಮ್ಮಣ್ಣ ನೆಡ್ತಿದ್ದದ್ದು ಅದು."

ಬದಲಿಸಲಾ ಅಂತ ಕೇಳಿದೆ. ಅವರು ಎಳ್ಳಿನ ಪೊಟ್ಟಣ ಬಿಚ್ಚಿ ಸ್ವಲ್ಪ ನನ್ನ ಕೈಗೆ ಹಾಕಿದರು.

"ಬೇಡ. ಅವಳ ಕೈಲೇ ಇರ್ಲಿ."