ಸ್ಟಾಫ್ ಫೋನಿಗೆ ಬೀಗ ಹಾಕಲು ಹೋಗಿ ಕಲಿತದ್ದು

ದಾವಣಗೆರೆಯ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಸಿಸ್ಟಮ್, ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ಇಪ್ಪತ್ತೆರಡು ಜನ, ಎಲ್ಲರದೂ ಸ್ವಂತ ಫೋನು. ಕ್ಲೈಂಟುಗಳ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಬರುವುದು ವಾಟ್ಸಾಪಿಗೇ. ಗ್ಯಾಲರಿ ತೆರೆದರೆ ಮಗುವಿನ ಫೋಟೊ, ಪಕ್ಕದಲ್ಲೇ ಯಾರದೋ ಆಧಾರ್ ಕಾರ್ಡ್.

ಎರಡು ವರ್ಷದ ಹಿಂದೆ, ಜುಲೈ ಕೊನೆ ವಾರ, ರಿಟರ್ನ್ ಗಡಿಬಿಡಿ. ನಮ್ಮ ಹುಡುಗಿಯೊಬ್ಬಳು ಹುಟ್ಟುಹಬ್ಬದ ಕೇಕ್ ಹಿಡಿದು ಸೀಟಿನಲ್ಲೇ ಸೆಲ್ಫಿ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದಳು. ಹಿಂದಿನ ಮಾನಿಟರಿನಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಹೆಸರು, ಆದಾಯ ಎರಡೂ ಚೆನ್ನಾಗಿ ಓದಲು ಬರುತ್ತಿತ್ತು. ಮೊದಲು ನೋಡಿದ್ದು ಅವರ ಷಡ್ಡಕ! ಆಮೇಲೆ ಬಂದ ಫೋನ್ ಕಾಲ್ ಬಗ್ಗೆ ಹೇಳುವುದು ಬೇಡ. ಅದರ ಮೇಲೆ, 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ದಂಡ 250 ಕೋಟಿವರೆಗೆ ಇದೆ ಅಂತ ಯಾರೋ ಹೇಳಿ ನಮ್ಮ ಸರ್ ನಿದ್ದೆ ಕೆಡಿಸಿದ್ದರು.

ಮೊದಲು ಬಾಗಿಲಲ್ಲಿ ಟ್ರೇ ಇಟ್ಟು ಫೋನ್ ತೆಗೆದಿಟ್ಟುಕೊಂಡೆವು. ಒಂಬತ್ತೋ ಹತ್ತೋ ದಿನ ನಡೆಯಿತು. ಕ್ಲೈಂಟ್ ಒಟಿಪಿ ಹೇಳಲು ಫೋನ್ ಮಾಡಿದರೆ ಟ್ರೇ ಒಳಗೇ ರಿಂಗು. ಇಬ್ಬರು ಜೇಬಿನಲ್ಲಿ ಎರಡನೇ ಫೋನ್ ಇಟ್ಟುಕೊಂಡಿದ್ದರು. ಆಮೇಲೆ ವೈಫೈನಲ್ಲಿ ಸೋಷಿಯಲ್ ಮೀಡಿಯಾ ಬ್ಲಾಕ್ ಮಾಡಿದೆ. ಜನ ಮೊಬೈಲ್ ಡೇಟಾ ಹಾಕಿಕೊಂಡರು. ಅಷ್ಟೇ ಆಗಿದ್ದರೆ ಸರಿ, ಒಬ್ಬ ಪುಣ್ಯಾತ್ಮ ಹಾಟ್‌ಸ್ಪಾಟ್ ಆನ್ ಮಾಡಿ ಆಫೀಸಿನ ಪಿಸಿಯನ್ನೇ ಅದಕ್ಕೆ ಸೇರಿಸಿದ್ದ. ನನ್ನ ಫೈರ್‌ವಾಲ್ ಸುಮ್ನೆ ಕೂತು ನೋಡುತ್ತಿತ್ತು.

ಮೂರನೆಯದು ಹೇಳಲು ನಾಚಿಕೆ. ಒಂದು ಆ್ಯಪ್‌ಗೆ ಪೂರ್ತಿ ಫೋನಿನ ಅಡ್ಮಿನ್ ಅನುಮತಿ ಕೊಡಿಸಿದ್ದೆ. ಕೆಲಸ ಬಿಟ್ಟ ಹುಡುಗನ ಆಫೀಸ್ ಮೇಲ್ ತೆಗೆಯಲು ಹೋಗಿ ವೈಪ್ ಒತ್ತಿದೆ. ಇಡೀ ಫೋನ್ ಖಾಲಿ. ಅವನ ಅಕ್ಕನ ಮದುವೆ ಫೋಟೊ ಸಮೇತ. ಡೇಟಾ ರಿಕವರಿಗೆ ನನ್ನ ಕೈಯಿಂದ ಮೂರೂವರೆ ಸಾವಿರ ಹೋಯಿತು, ಒಂದು ಫೋಟೊನೂ ಬರಲಿಲ್ಲ.

ಎಲ್ಲರಿಗೂ ಆಫೀಸಿಂದಲೇ ಫೋನ್ ಕೊಡಿಸಿ ಅಂದರು ಹಾರ್ಡ್‌ವೇರ್ ಸಪ್ಲೈಯರ್. ಕೊಟೇಶನ್ ಎರಡು ಲಕ್ಷದ ಮೇಲಿತ್ತು. ಸ್ವಂತ ಫೋನಿನಲ್ಲಿ ಇದೆಲ್ಲ ಆಗದ ಮಾತು ಅಂತ ನಕ್ಕರೂ ನಕ್ಕರು.

ಆಯಿತು. ಆಂಡ್ರಾಯ್ಡಿನ ವರ್ಕ್ ಪ್ರೊಫೈಲ್ ಇದೆಯಲ್ಲ, ಒಂದೇ ಫೋನಿನಲ್ಲಿ ಆಫೀಸ್ ಆ್ಯಪ್‌ಗಳಿಗೆ ಬೇರೆಯೇ ಜಾಗ, ಬ್ಯಾಗ್ ಚಿಹ್ನೆಯದು, ಅದನ್ನೇ ಹಿಡಿದೆ. ಅದನ್ನು ದೂರದಿಂದಲೇ ನೋಡಿಕೊಳ್ಳುವ ಎಂಡಿಎಂ ಸಾಫ್ಟ್‌ವೇರಿಗೆ ಫೋನಿಗೆ ತಿಂಗಳಿಗೆ ನೂರು ಚಿಲ್ಲರೆ. ವೈಪ್ ಒತ್ತಿದರೆ ಬ್ಯಾಗಿನೊಳಗಿನದು ಮಾತ್ರ ಹೋಗುತ್ತದೆ. ನನ್ನದೇ ಫೋನಿನಲ್ಲಿ ಒತ್ತಿ ಎಲ್ಲರ ಎದುರು ತೋರಿಸಿದೆ. ಆದರೂ ಯಾರೂ ಮಿಸುಕಲಿಲ್ಲ. ಮನಸ್ಸು ಬದಲಾಗಿದ್ದು ಸೆಕ್ಯುರಿಟಿಗಲ್ಲ. ಸಂಜೆ ಏಳಕ್ಕೆ ಪ್ರೊಫೈಲನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ ಆಫೀಸ್ ಮೇಲ್, ಆಫೀಸ್ ಮೆಸೇಜ್ ಎಲ್ಲಾ ಗಪ್‌ಚಿಪ್ ಅಂದೆ ನೋಡಿ, ಅವತ್ತೇ ಹದಿನಾಲ್ಕು ಜನ ಹಾಕಿಸಿಕೊಂಡರು. ಸರ್ ಮಾತ್ರ ಸ್ವಲ್ಪ ಮುಖ ಗಂಟಿಕ್ಕಿದರು.

ಕ್ಲೈಂಟ್ ವಾಟ್ಸಾಪಿಗೆ ಮೂರು ಹೊಸ ಸಿಮ್ ತಗೊಂಡೆವು, ಟು ಸ್ಟೆಪ್ ಪಿನ್ ನನ್ನ ಹತ್ತಿರ. ಒಂದು ನಂಬರಿಗೆ ನಾಲ್ಕು ಡಿವೈಸ್ ಲಿಂಕ್ ಆಗುತ್ತದೆ, ಸಾಕು. ಇಲ್ಲೂ ಒಂದು ಏಟು ತಿಂದೆ. ರಿಟರ್ನ್ ಮುಗಿದ ಮೇಲೆ ಮುಖ್ಯ ಫೋನು ಡ್ರಾಯರಿನಲ್ಲಿ ಚಾರ್ಜ್ ಇಲ್ಲದೆ ಬಿದ್ದಿತ್ತು. ಹದಿನಾಲ್ಕು ದಿನ ದಾಟಿತು, ಲಿಂಕ್ ಆಗಿದ್ದವೆಲ್ಲ ಲಾಗ್‌ಔಟ್. ಈಗ ಅದು ರೂಟರ್ ಪಕ್ಕ ಚಾರ್ಜರಿಗೆ ಸಿಕ್ಕಿಸಿಕೊಂಡೇ ಇರುತ್ತದೆ.

ಫೇಸ್‌ಬುಕ್ ಪೇಜಿನ ಪಾಸ್‌ವರ್ಡ್ ಹಿಂದೆ ಐದಾರು ಜನಕ್ಕೆ ಗೊತ್ತಿತ್ತು, ಈಗ ಇಬ್ಬರಿಗೆ ಅವರವರ ಅಕೌಂಟಿನಿಂದಲೇ ಆ್ಯಕ್ಸೆಸ್. ಐಫೋನ್ ಮೂರಿವೆ, ಅವರಿಗೆ ಆಫೀಸ್ ಕೆಲಸಕ್ಕೆ ಬರೀ ಬ್ರೌಸರ್. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ.

ಸೆಲ್ಫಿಗೆ ಬೇರೆ ಉಪಾಯ ಮಾಡಿದೆ. ಟೀ ಕುಡಿಯುವ ಮೂಲೆಯ ಗೋಡೆಗೆ ಅರಿಶಿನ ಬಣ್ಣ ಬಳಿಸಿ, ಎರಡು ಮನಿಪ್ಲಾಂಟ್, ಒಂದು ಒಳ್ಳೆ ಬಲ್ಬ್ ಹಾಕಿಸಿದೆ. ಎಂಟುನೂರು ರೂಪಾಯಿ ಆಗಿರಬೇಕು. ಈಗ ಫೋಟೊ ಅಂದರೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ, ಮಾನಿಟರ್ ಮುಂದೆ ಯಾರೂ ನಿಲ್ಲುವುದಿಲ್ಲ. ಇಷ್ಟೆಲ್ಲದರಲ್ಲಿ ನನಗೆ ಹೆಮ್ಮೆ ಇರುವುದು ಆ ಗೋಡೆ ಬಗ್ಗೆಯೇ.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಎಪಿಕೆ ಮೋಸ ಗೊತ್ತಲ್ವಾ, ಮದುವೆ ಕರೆಯೋಲೆ ಅಂತ ಹೇಳಿ ಫೋನಿಗೆ ಕಳ್ಳ ಆ್ಯಪ್ ಹಾಕಿಸುವ ಫೈಲ್ ಬರುತ್ತಲ್ಲ, ಹಾಗೆಯೇ ಏನೂ ಮಾಡದ ಒಂದು ಲಿಂಕನ್ನು ಹೊಸ ನಂಬರಿನಿಂದ ಎಲ್ಲರಿಗೂ ಕಳಿಸಿದೆ. ಒಂಬತ್ತು ಜನ ಒತ್ತಿದರು. ಮೆಸೇಜಿನಲ್ಲಿ ಏನು ಬರೆದಿದ್ದೆ ಅಂತ ಹೇಳುವುದಿಲ್ಲ, ಮುಂದಿನ ಸಲಕ್ಕೂ ಬೇಕು. ಆ ಒಂಬತ್ತರಲ್ಲಿ ಸರ್ ಕೂಡ ಒಬ್ಬರು. ಮಧ್ಯಾಹ್ನ ಕ್ಯಾಬಿನ್‌ಗೆ ಕರೆದು, ಬಾಗಿಲು ಹಾಕಿ, ‘ನನ್ನ ಫೋನಿಗೂ ಆ ಬ್ಯಾಗ್ ಹಾಕಿಬಿಡಪ್ಪಾ’ ಅಂದರು.