ಎಡಕುಮೇರಿ ಘಾಟಿಯನ್ನು ಕೋಣೆಯೊಳಗೆ ಕಟ್ಟುವುದು ಹೇಗೆ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲು ದಾರಿ ಸುಮಾರು 55 ಕಿ.ಮೀ. ಅಷ್ಟು ದೂರದಲ್ಲೇ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಮಳೆಗಾಲದಲ್ಲಿ ಹಗಲು ರೈಲಿನ ಕಿಟಕಿ ಪಕ್ಕ ಕೂತು ಈ ಘಾಟಿ ಇಳಿದವರಿಗೆ ಅದು ಮರೆಯುವುದಿಲ್ಲ. ಅದನ್ನು ಮನೆಯ ಒಂದು ಕೋಣೆಯಲ್ಲಿ ಮಾದರಿಯಾಗಿ ಕಟ್ಟಬಹುದಾ? ಖಂಡಿತ ಕಟ್ಟಬಹುದು. ಆದರೆ ಇಡೀ ದಾರಿಯನ್ನಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. ಮಾದರಿ ರೈಲುಗಳಲ್ಲಿ ಎಲ್ಲೆಡೆ ಚಾಲ್ತಿಯಲ್ಲಿರುವುದು ಎಚ್‌ಒ ಅಳತೆ, ಅಂದರೆ 87ರಲ್ಲಿ ಒಂದು ಪಾಲು. ಆ ಅಳತೆಗೆ ಇಳಿಸಿದರೂ 55 ಕಿ.ಮೀ ದಾರಿಗೆ 630 ಮೀಟರ್ ಹಳಿ ಬೇಕು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ಶುರುವಾದ ಮಿನಿಯಾಟೂರ್ ವುಂಡರ್‌ಲ್ಯಾಂಡ್ ಕೂಡ ಇದೇ ಅಳತೆಯದು. ಅಷ್ಟು ದೊಡ್ಡ ಕಟ್ಟಡದಲ್ಲೂ ಅವರು ಊರುಗಳನ್ನು ಪೂರ್ತಿ ಕಟ್ಟಿಲ್ಲ, ಆರಿಸಿದ ನೋಟಗಳನ್ನಷ್ಟೇ ಕಟ್ಟಿದ್ದಾರೆ. ನಾವೂ ಮೂರೇ ಜಾಗ ಆರಿಸೋಣ: ಕಾಡಿನ ನಡುವಿನ ಎಡಕುಮೇರಿ ಸ್ಟೇಷನ್, ಕಣಿವೆಯ ಮೇಲಿನ ಒಂದು ಎತ್ತರದ ಸೇತುವೆ, ಕೆಳಗೆ ನೆಟ್ಟಣದ ಬಳಿಯ ಅಡಿಕೆ ತೋಟ. ಮೂರನ್ನೂ ಸುರಂಗಗಳಿಂದ ಜೋಡಿಸಿ. ಈ ಘಾಟಿ ಮಾದರಿ ಕಟ್ಟುವವರಿಗೆ ವರದಾನವಾಗುವುದು ಇಲ್ಲೇ. ಸುರಂಗ ಅನ್ನುವುದು ನಾಟಕದ ಪರದೆ ಇದ್ದ ಹಾಗೆ. ರೈಲು ಒಂದು ನೋಟದಲ್ಲಿ ಒಳಹೊಕ್ಕು ಇನ್ನೊಂದರಲ್ಲಿ ಹೊರಬಂದರೆ, ನಡುವಿನ ಹತ್ತು ಮೈಲಿಯನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ.

ಮೊದಲು ವರ್ಷ ಗೊತ್ತು ಮಾಡಿ

ಯಾವ ಕಾಲದ ಘಾಟಿ ಅಂತ ತೀರ್ಮಾನಿಸದೆ ಒಂದು ಬೋಗಿಯನ್ನೂ ಕೊಳ್ಳಬೇಡಿ. 1979ರಿಂದ 1996ರವರೆಗೆ ಇಲ್ಲಿದ್ದದ್ದು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ವೈಡಿಎಂ-4 ಡೀಸೆಲ್ ಎಂಜಿನ್, ಇಟ್ಟಿಗೆ ಬಣ್ಣದ ಬೋಗಿ. ಆಮೇಲೆ ಬ್ರಾಡ್‌ಗೇಜ್ ಕೆಲಸಕ್ಕಾಗಿ ದಾರಿ ಮುಚ್ಚಿತು. 2006ರಲ್ಲಿ ಗೂಡ್ಸ್, 2007ರ ಕೊನೆಗೆ ಪ್ರಯಾಣಿಕರ ರೈಲು ಮತ್ತೆ ಓಡಿದವು. ನನ್ನ ಸಲಹೆ 2007ರ ನಂತರದ ಡೀಸೆಲ್ ದಿನಗಳು: ನೀಲಿ ಬೋಗಿ, ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್, ಮೇಲೆ ತಂತಿ ಇಲ್ಲದ ಆಕಾಶ. ಮೀಟರ್ ಗೇಜೇ ಬೇಕು ಅನ್ನುವವರು 12 ಮಿ.ಮೀ ಹಳಿ ತರಿಸಿಕೊಳ್ಳಬೇಕು. ಸ್ವಿಸ್ ರೈಲುಗಳ ಮಾದರಿಗೆಂದು ಅದು ಸಿಗುತ್ತದೆ. ಎಂಜಿನ್ ಮಾತ್ರ ಕೈಯಲ್ಲೇ ಮಾಡಿಕೊಳ್ಳಬೇಕಾದೀತು.

ಇಲ್ಲೊಂದು ತೊಡಕಿದೆ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಎಚ್‌ಒ ಲೆಕ್ಕದಲ್ಲಿ ಅದು 19.3 ಮಿ.ಮೀ ಆಗಬೇಕು. ಅಂಗಡಿಯ ಹಳಿ 16.5 ಮಿ.ಮೀ ಮಾತ್ರ, ಯಾಕೆಂದರೆ ಅದು ಯುರೋಪಿನ ಗೇಜಿಗೆ ಮಾಡಿದ್ದು. ಮೂರು ಮಿ.ಮೀ ಕಡಿಮೆಯಾದರೆ ಬೇಸರ ಅಲ್ವಾ? ಹೌದು, ಆದರೂ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಹಳಿ, ಪಾಯಿಂಟ್ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ), ಚಕ್ರ ಎಲ್ಲವನ್ನೂ ಕೈಯಲ್ಲೇ ಮಾಡುತ್ತಾ ಕೂರಬೇಕು, ಕಾಡು ಬೆಳೆಸುವ ಹೊತ್ತೇ ಬರುವುದಿಲ್ಲ.

ಫೋಟೊಗಳನ್ನು ರೈಲಿನೊಳಗಿಂದಲೇ ತೆಗೆಯಿರಿ. ಹಳಿಯ ಮೇಲೆ ನಡೆದುಹೋಗಲು ಅನುಮತಿಯಿಲ್ಲ, ಪ್ರಾಣಕ್ಕೂ ಅಪಾಯ. ಹಳೆಯ ಬೋಗಿಗಳನ್ನು ಹತ್ತಿರದಿಂದ ನೋಡಬೇಕಿದ್ದರೆ ಮೈಸೂರಿನ ರೈಲು ಮ್ಯೂಸಿಯಂ ಇದೆ.

ತಿರುವು ಮತ್ತು ಏರು

ಹಳೆಯ ನಮೂನೆಯ ನೀಲಿ ಐಸಿಎಫ್ ಬೋಗಿಯ ಉದ್ದ 21 ಮೀಟರ್ ಚಿಲ್ಲರೆ, ನಮ್ಮ ಅಳತೆಯಲ್ಲಿ 245 ಮಿ.ಮೀ. ಹೊಸ ಎಲ್‌ಎಚ್‌ಬಿ ಬೋಗಿ 270 ಮಿ.ಮೀ. ತಿರುವಿನ ತ್ರಿಜ್ಯ ಉದ್ದದ ಬೋಗಿಯ ಮೂರು ಪಟ್ಟಾದರೂ ಇದ್ದರೆ ರೈಲು ಚಂದವಾಗಿ ಬಳುಕುತ್ತದೆ. ಅಂದರೆ 80 ಸೆಂ.ಮೀ. ಅದಕ್ಕಿಂತ ಬಿಗಿಯಾದರೆ ಬೋಗಿಗಳ ಮೂಲೆಗಳು ಹೊರಚಾಚಿ ಆಟಿಕೆಯಂತೆ ಕಾಣುತ್ತವೆ.

ಘಾಟಿಯ ಏರು 50ಕ್ಕೆ 1. ಅದನ್ನೇ ಇಡಿ: ಮೀಟರಿಗೆ 2 ಸೆಂ.ಮೀ. ಆದರೆ 8 ಮೀಟರ್ ಗೋಡೆಯುದ್ದಕ್ಕೂ ಹತ್ತಿಸಿದರೂ 16 ಸೆಂ.ಮೀ ಎತ್ತರವಷ್ಟೇ ಸಿಗುತ್ತದೆ. ಘಾಟಿ ಅನ್ನಿಸಲು ಅದು ಸಾಲದು. ಹಾಗಾಗಿ ಒಂದು ಮೂಲೆಯ ಬೆಟ್ಟದ ಹೊಟ್ಟೆಯೊಳಗೆ ಸುರುಳಿ ದಾರಿ ಕಟ್ಟಿ. 80 ಸೆಂ.ಮೀ ತ್ರಿಜ್ಯದ ಒಂದು ಸುತ್ತು 5 ಮೀಟರ್, ಅದೇ ಏರಿನಲ್ಲಿ 10 ಸೆಂ.ಮೀ ಮೇಲೇರುತ್ತದೆ. ಮೂರು ಸುತ್ತಿಗೆ 30 ಸೆಂ.ಮೀ. ಕೆಳಗಿನ ಸುತ್ತಿನ ರೈಲಿಗೂ ತಲೆ ತಾಗದಷ್ಟು ಜಾಗ ಉಳಿಯುತ್ತದೆ. ಬೆಟ್ಟದ ಹಿಂದೆ ಕೈ ಹೋಗುವಷ್ಟು ಕಿಂಡಿ ಬಿಡುವುದನ್ನು ಮರೆಯಬೇಡಿ. ಹಳಿ ತಪ್ಪಿದ ಬೋಗಿಯನ್ನು ಅಲ್ಲಿಂದಲೇ ಎತ್ತಬೇಕು.

ಹಲಗೆ, ಹಳಿ, ಕರೆಂಟ್

ಅಡಿಪಾಯಕ್ಕೆ 12 ಮಿ.ಮೀ ಪ್ಲೈವುಡ್, ಕೆಳಗೆ ಮರದ ಚೌಕಟ್ಟು. ಎದೆಮಟ್ಟದ ಎತ್ತರ ಒಳ್ಳೆಯದು, ರೈಲನ್ನು ಪಕ್ಕದಿಂದ ನೋಡಬಹುದು. ಅಗಲ 75 ಸೆಂ.ಮೀ ದಾಟಬಾರದು, ಕೈ ಎಟುಕುವುದಿಲ್ಲ. ನನ್ನ ಮೊದಲ ಹಲಗೆಗೆ ಮೇಲ್ಭಾಗಕ್ಕಷ್ಟೇ ಬಣ್ಣ ಬಳಿದಿದ್ದೆ. "ಸಾರ್, ಅಡಿಗೂ ಹೊಡೀರಿ, ಮಳೆಗಾಲಕ್ಕೆ ಬಾಗತ್ತೆ" ಅಂತ ಬಡಗಿ ಹೇಳಿದ್ದರು. ಜುಲೈ ಹೊತ್ತಿಗೆ ಹಲಗೆ ಬಾಗಿ, ಹಳಿ ಹಾವಿನಂತೆ ಸೊಟ್ಟಗಾಯಿತು. ಎಲ್ಲ ಕಿತ್ತು ಮತ್ತೆ ಹಾಕಿದೆ. ಎರಡೂ ಕಡೆ, ಅಂಚುಗಳಿಗೂ ಬಳಿಯಿರಿ. ಹಳಿಯ ಕೀಲುಗಳಲ್ಲಿ ಅಲ್ಲಲ್ಲಿ ಕೂದಲೆಳೆಯಷ್ಟು ಸಂದು ಬಿಡಿ.

ಹಳಿಯ ಕೆಳಗೆ ಕಾರ್ಕ್ ಶೀಟ್ ಅಂಟಿಸಿದರೆ ಸದ್ದು ತಗ್ಗುತ್ತದೆ. ಪ್ರತಿ ತುಂಡು ಹಳಿಗೂ ಅಡಿಯಿಂದ ಬೇರೆ ವೈರ್ ಬೆಸುಗೆ ಹಾಕಿ. ಕೀಲುಗಳು ಕರೆಂಟ್ ದಾಟಿಸುತ್ತವೆ ಎಂದು ನಂಬಿದರೆ ತುಕ್ಕು ಹಿಡಿದ ದಿನ ರೈಲು ನಿಲ್ಲುತ್ತದೆ. ಒಂದಕ್ಕಿಂತ ಹೆಚ್ಚು ಎಂಜಿನ್ ಓಡಿಸುವ ಆಸೆಯಿದ್ದರೆ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಬೇಕೇ ಬೇಕು. ಅದರಲ್ಲಿ ಪ್ರತಿ ಎಂಜಿನ್ನಿಗೂ ತನ್ನದೇ ನಂಬರ್, ಒಂದೇ ಹಳಿಯ ಮೇಲೆ ಪ್ರತಿಯೊಂದಕ್ಕೂ ಬೇರೆ ಆಜ್ಞೆ. ಬೆಟ್ಟ ಕಟ್ಟುವ ಮುಂಚೆ ಎರಡು ವಾರ ಬರೀ ಹಲಗೆಯ ಮೇಲೆ ರೈಲು ಓಡಿಸಿ ನೋಡಿ. ಉದ್ದದ ಬೋಗಿಗೆ ಪೆನ್ಸಿಲ್ ಕಟ್ಟಿ ತಿರುವುಗಳಲ್ಲಿ ತಳ್ಳಿಕೊಂಡು ಹೋಗಿ. ಅದು ಎಳೆದ ಗೆರೆಯ ಹೊರಗೇ ಸುರಂಗದ ಗೋಡೆ ಬರಬೇಕು.

ಜಲ್ಲಿ ಮತ್ತು ಕಾಡು

ನನಗೆ ಅತಿ ಇಷ್ಟದ ಕೆಲಸ ಇಲ್ಲಿಂದ ಶುರು. ಹಳಿಯ ನಿಜವಾದ ಜಲ್ಲಿ 65 ಮಿ.ಮೀ ಗಾತ್ರದ್ದು. ಮಾದರಿಯಲ್ಲಿ ಮುಕ್ಕಾಲು ಮಿ.ಮೀ. ಎಂ-ಸ್ಯಾಂಡನ್ನು ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದರೆ ಅದೇ ಸಿಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ಅದರ ಮೇಲೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣಗಳು ಉಳಿದರೆ ಎಂಜಿನ್ನಿನ ಮೋಟಾರಿಗೆ ಹೊಕ್ಕು ಹಾಳು ಮಾಡುತ್ತವೆ. ಜಲ್ಲಿ ಹರಡಿ, ಬ್ರಷ್‌ನಿಂದ ಸ್ಲೀಪರ್‌ಗಳ ನಡುವೆ ಕೂರಿಸಿ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿ. ಒಂದು ಪಾಲು ಫೆವಿಕಾಲ್, ಮೂರು ಪಾಲು ನೀರು ಕಲಸಿ ಸಿರಿಂಜ್‌ನಿಂದ ಹನಿಹನಿಯಾಗಿ ಬಿಡಿ. ಸೋಪು ಇಲ್ಲದಿದ್ದರೆ ಅಂಟು ಇಳಿಯದೆ ಮೇಲೆಯೇ ಗುಂಡಾಗಿ ನಿಲ್ಲುತ್ತದೆ. ಪಾಯಿಂಟ್‌ನ ಆಡುವ ಭಾಗದ ಹತ್ತಿರ ಅಂಟು ಬೇಡ.

ಬೆಟ್ಟಕ್ಕೆ ರಟ್ಟಿನ ಪಟ್ಟಿಗಳ ಬಲೆ ಹೆಣೆದು, ಮೆಡಿಕಲ್ ಶಾಪಿನ ಬ್ಯಾಂಡೇಜ್ ಬಟ್ಟೆಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ ಹೊದಿಸಿ. ಮುದುಡಿಸಿದ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಪ್ಲಾಸ್ಟರ್ ಸುರಿದರೆ ಬಂಡೆಯ ಮೈ ಬರುತ್ತದೆ. ಬಣ್ಣ ಹಾಕುವಾಗ ಫೋಟೊ ಪಕ್ಕದಲ್ಲಿರಲಿ. ಮಳೆಯಲ್ಲಿ ನೆನೆದ ಬಂಡೆ ಕಪ್ಪಗೆ ಹೊಳೆಯುತ್ತದೆ. ಸುರಂಗದ ಬಾಯಿಯ ಕಾಂಕ್ರೀಟ್ ಮೇಲೆ ನೀರಿಳಿದ ಕರಿ ಗೆರೆಗಳು, ಅಂಚಿಗೆ ಹಸಿರು ಪಾಚಿ. ಇವಿಲ್ಲದೆ ಅದು ಪಶ್ಚಿಮ ಘಟ್ಟ ಅನ್ನಿಸುವುದೇ ಇಲ್ಲ.

ಮರಗಳಲ್ಲಿ ಹೆಚ್ಚಿನವರು ತಪ್ಪುವುದು ಎತ್ತರದಲ್ಲಿ. ಕಾಡಿನ 26 ಮೀಟರ್ ಮರ ಮಾದರಿಯಲ್ಲಿ 30 ಸೆಂ.ಮೀ. ನಾಲ್ಕು ಸೆಂ.ಮೀ ಮರಗಳನ್ನು ನೆಟ್ಟರೆ ಘಾಟಿ ಪಾರ್ಕ್ ಆಗಿಬಿಡುತ್ತದೆ. ಹಳೆಯ ವೈರಿನ ತಾಮ್ರದ ಎಳೆಗಳನ್ನು ತಿರುಚಿ ಕಾಂಡ ಮತ್ತು ಕೊಂಬೆ ಮಾಡಿ. ಹಳೆಯ ಸ್ಪಂಜನ್ನು ಕೆಲಸಕ್ಕೆ ಬಾರದ ಮಿಕ್ಸಿಯಲ್ಲಿ ಪುಡಿ ಮಾಡಿ, ಮೂರು ಬಗೆಯ ಹಸಿರಿನಲ್ಲಿ ಅದ್ದಿ ಒಣಗಿಸಿದರೆ ಎಲೆ ಸಿದ್ಧ. ಮುಂದಿನ ಸಾಲಿಗಷ್ಟೇ ಪೂರ್ತಿ ಮರ ಸಾಕು. ಹಿಂದಿನ ಇಳಿಜಾರಿಗೆ ದಿಂಬಿನ ಫೈಬರ್ ಉಂಡೆಗಳಿಗೆ ಅದೇ ಪುಡಿ ಉದುರಿಸಿ ಒತ್ತೊತ್ತಾಗಿ ಅಂಟಿಸಿ. ಅಡಿಕೆ ಮರಕ್ಕೆ ಬಿದಿರು ಕಡ್ಡಿ, ಕತ್ತರಿಸಿದ ಕಾಗದದ ಸೋಗೆ. ಝರಿಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾರದರ್ಶಕ ಸಿಲಿಕೋನ್ ಎಳೆದು, ಒಣಗಿದ ಮೇಲೆ ಕಿತ್ತು ಬಂಡೆಗೆ ಅಂಟಿಸಿ.

ಹಳಿಯ ಬದಿಗಳಿಗೆ ತುಕ್ಕಿನ ಬಣ್ಣ ಹಚ್ಚಿ, ತಲೆಯನ್ನು ಮಾತ್ರ ಒರೆಸಿ. ಇಳಿಜಾರಿನಲ್ಲಿ ಬ್ರೇಕ್ ಉಜ್ಜಿ ಉಜ್ಜಿ ಬೋಗಿಯ ಅಡಿ, ಜಲ್ಲಿ ಎರಡೂ ಕಂದಾಗಿರುತ್ತವೆ. ಕಂದು ಚಾಕ್ ಪುಡಿ ಉಜ್ಜಿ ಅದನ್ನು ತೋರಿಸಿ. ಸ್ಟೇಷನ್‌ನ ಹಳದಿ ಬೋರ್ಡಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರಲಿ, ಸಮುದ್ರಮಟ್ಟದಿಂದ ಎತ್ತರದ ಸಾಲೂ ಬರಲಿ.

ಓಡಿಸುವಾಗ ವೇಗ ತಗ್ಗಿಸಿ. ಗಂಟೆಗೆ 30 ಕಿ.ಮೀ ಅಂದರೆ ಮಾದರಿಯಲ್ಲಿ ಸೆಕೆಂಡಿಗೆ 10 ಸೆಂ.ಮೀಗಿಂತ ಸ್ವಲ್ಪ ಕಡಿಮೆ. ಆ ವೇಗದಲ್ಲಿ ಸುರುಳಿ ದಾಟಲು ಎರಡೂವರೆ ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ರೈಲು ಕಾಣಿಸದು, ಬೆಟ್ಟದೊಳಗಿನ ಸದ್ದು ಮಾತ್ರ. ಹಿಂದೆ ಬ್ಯಾಂಕರ್ ಸೇರಿಸುವುದಾದರೆ ಮುಂದಿನ ಮತ್ತು ಹಿಂದಿನ ಎಂಜಿನ್‌ಗಳ ವೇಗ ಸರಿಹೊಂದಿಸಿಯೇ ಹತ್ತಿಸಿ. ಹಿಂದಿನದು ಸ್ವಲ್ಪ ಜೋರಾದರೂ ತಿರುವಿನಲ್ಲಿ ನಡುವಿನ ಬೋಗಿ ಹೊರಗೆ ಹಾರುತ್ತದೆ. ಖಾಲಿ ಬೋಗಿಗಳ ಹೊಟ್ಟೆಗೆ ಒಂದಿಷ್ಟು ಸೀಸದ ತೂಕ ಹಾಕಿದರೆ ಆ ಭಯ ಕಡಿಮೆ.