ಬಂಡೂರು ಕುರಿಯಲ್ಲಿ ದುಡ್ಡು ಕಂಡಿದ್ದು ಹೀಗೆ

ಮಾಂಸಕ್ಕೆ ಅಂತ ನಮ್ಮ ಮಂಡ್ಯ ಕಡೆಯ ಗಿಡ್ಡ ತಳಿ ಬಂಡೂರು ಕುರಿ ಸಾಕಿದರೆ ಮುಳುಗ್ತೀಯ ಅಂತ ನಮ್ಮೂರಲ್ಲಿ ಹೇಳದವರೇ ಇಲ್ಲ. ಹಾಕೋದು ಒಂದೇ ಮರಿ, ಬೆಳೆಯೋದು ನಿಧಾನ, ಕೊಳ್ಳಲು ಹೋದರೆ ರೇಟು ಜಾಸ್ತಿ. ಮೂರೂ ನಿಜ. ಆದರೂ ಹೋದ ಎರಡು ಯುಗಾದಿಯಿಂದ ನನ್ನ ಕೊಟ್ಟಿಗೆ ಖರ್ಚು ಕಳೆದು ಕೈಗೆ ಒಂದಿಷ್ಟು ಕೊಡುತ್ತಿದೆ. ಶೆಡ್ಡು, ಜಂತಿನ ಔಷಧಿ, ಪಿಪಿಆರ್ ರೋಗದ ಲಸಿಕೆ ಇದೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ತಳಿ ವಿಷಯ ಮಾತ್ರ ಬರೆಯುತ್ತೇನೆ.

ನನ್ನದು ಮದ್ದೂರಿನ ಕಡೆ ಒಂದೂವರೆ ಎಕರೆ. ಕೆಲಸ ಮೈಸೂರಿನಲ್ಲಿ, ಕುರಿ ಊರಲ್ಲಿ, ನೋಡಿಕೊಳ್ಳುವುದು ಚಿಕ್ಕಪ್ಪ.

ಮೊದಲು ತಂದದ್ದು ಎಳಗ ಅನ್ನುವ ತಳಿ. ಬಾಗಲಕೋಟೆ ಕಡೆಯ ಅಮೀನಗಡದ ಸಂತೆಯಿಂದ 20 ಮರಿ, ಒಂದೊಂದಕ್ಕೆ ಏಳು ಸಾವಿರದ ಆಸುಪಾಸು, ಗಾಡಿ ಬಾಡಿಗೆ ಬೇರೆ. ಎತ್ತರ, ಉದ್ದ, ನೋಡಲು ಚೆಂದ. ಬಂದ ವಾರದಲ್ಲೇ ಭೇದಿ ಶುರುವಾಗಿ ನಾಲ್ಕೋ ಐದೋ ಹೋದವು. ಉಳಿದವು ಮೂರು ತಿಂಗಳಲ್ಲಿ ತಲಾ ಹತ್ತು ಕೆ.ಜಿ. ಏರಿದವು, ಅದನ್ನು ಒಪ್ಪಬೇಕು. ಆದರೆ ಆ ಹತ್ತು ಕೆ.ಜಿ. ಬರಿಸಲು ತಿನ್ನಿಸಿದ ಜೋಳದ ನುಚ್ಚು, ಹಿಂಡಿ, ಲೋಡುಗಟ್ಟಲೆ ತಂದ ಹೊಟ್ಟು ಲೆಕ್ಕ ಹಾಕಿದರೆ, ಸತ್ತವುಗಳ ದುಡ್ಡೂ ಸೇರಿಸಿ, ಇಪ್ಪತ್ತು ಸಾವಿರದ ಮೇಲೆ ಕೈ ಬಿಟ್ಟಿತ್ತು. ಇಪ್ಪತ್ತು ಎಕರೆ ಮೇವು ಇರುವವರಿಗೆ ಎಳಗ ಸರಿ, ನನಗಲ್ಲ.

ಆಮೇಲೆ ನಾರಿ ಸುವರ್ಣದ ಟಗರು. ಇದು ಮಹಾರಾಷ್ಟ್ರದ ಫಲ್ಟಣದಲ್ಲಿ ಬಂಗಾಳದ ಗರೋಲ್ ಕುರಿಯ ಅವಳಿ ಗುಣವನ್ನು ದಖ್ಖನಿ ಕುರಿಗೆ ತಂದು ಮಾಡಿದ ತಳಿ. ಟಗರು ತಂದ ವರ್ಷವೇ ಅವಳಿ ಬರುತ್ತೆ ಅಂತ ತುಂಬ ಜನ ಕಾಯುತ್ತಾರೆ. ಬರಲ್ಲ. ಆ ಗುಣ ಮಗಳಿಗೆ ಹೋಗಿ, ಮಗಳು ಮರಿ ಹಾಕುವಾಗ ಕಾಣುವುದು. ಆ ಮಗಳಂದಿರು ಮರಿ ಹಾಕಿದಾಗ ನನ್ನಲ್ಲೂ ಅವಳಿ ಬಂದವು, ಖುಷಿಯೂ ಆಯಿತು. ಆದರೆ ಎರಡನೇ ಮರಿಗೆ ಕೆಚ್ಚಲಲ್ಲಿ ಹಾಲು ಸಾಲದು. ರಾತ್ರಿ ಹನ್ನೊಂದಕ್ಕೆ ಚಿಕ್ಕಪ್ಪ ಹಸುವಿನ ಹಾಲು ಬೆಚ್ಚಗೆ ಮಾಡಿ ಬಾಟಲಿ ಹಿಡಿದು ಕೂರುತ್ತಿದ್ದರು. ಒಂದು ತಿಂಗಳಾದ ಮೇಲೆ "ಇವೆಲ್ಲ ನೀನೇ ಊರಿಗೆ ಬಂದು ಸಾಕ್ಕೋ ಮಗ" ಅಂದರು. ಆ ಟಗರಿಗೆ ಹುಟ್ಟಿದ ಮೂರು ಹೆಣ್ಣು ಇನ್ನೂ ಇವೆ, ಸುಮ್ನೆ ಪರೀಕ್ಷೆಗೆ.

ಕೊನೆಗೆ ಬಂಡೂರಿನ ಹೆಣ್ಣು ಕುರಿಗಳನ್ನು ಒಂದೊಂದಾಗಿ ಕೂಡಿಸಿಕೊಂಡೆ, ಈಗ 18-20 ಇವೆ. ಸಂತೆಯಲ್ಲಿ ಬಂಡೂರು ಅಂತ ಕೊಡುವುದರಲ್ಲಿ ಅರ್ಧಕ್ಕರ್ಧ ಬೆರಕೆ. ಹಿಂದಿನಿಂದ ನೋಡಿ: ತೊಡೆ ತುಂಬಿಕೊಂಡು ತಲೆಕೆಳಗಾದ ಯು ಆಕಾರ ಕಾಣಬೇಕು, ಕಾಲು ಗಿಡ್ಡ ಇರಬೇಕು, ಬೆನ್ನ ಮೇಲೆ ಕೈ ಇಟ್ಟರೆ ಮೂಳೆ ಚುಚ್ಚಬಾರದು. ಮೊದಲು ಮಳವಳ್ಳಿ ತಾಲ್ಲೂಕಿನ ಧನಗೂರಿನ ಸರ್ಕಾರಿ ಕುರಿ ಕೇಂದ್ರದಲ್ಲಿ ನಾಲ್ಕು ಸಲ ನೋಡಿ ಕಣ್ಣು ಪಳಗಿಸಿಕೊಳ್ಳಿ. ನನ್ನ ಟಗರು ಎಲ್ಲಿಯದು ಅಂತ ಮಾತ್ರ ಕೇಳಬೇಡಿ.

ಮೇವಿಗೆ ನಮ್ಮ ಕಡೆ ಒಂದು ಅನುಕೂಲ ಇದೆ. ಪಕ್ಕದವರ ರೇಷ್ಮೆ ಮನೆಯಲ್ಲಿ ಹುಳುವಿಗೆ ಹಾಕದೆ ಉಳಿದ ಹಿಪ್ಪುನೇರಳೆ ಸೊಪ್ಪು ಬಿಟ್ಟಿಯಾಗಿ ಸಿಗುತ್ತದೆ. ಹುಳು ಸಾಕುವ ತಟ್ಟೆಯಿಂದ ತೆಗೆದದ್ದು ಬೇಡ, ಅದಕ್ಕೆ ಸುಣ್ಣ, ಔಷಧಿ ಪುಡಿ ಉದುರಿಸಿರುತ್ತಾರೆ. ಉಳಿದಂತೆ ಹುರುಳಿ ಹೊಟ್ಟು, ಬದುವಿನ ಅಗಸೆ ಮರದ ಸೊಪ್ಪು. ನೀರಲ್ಲಿ ತೇಲಿ ಬೆಳೆಯುವ ಅಜೋಲ್ಲಾ ಕೂಡ ಬೆಳೆದೆ, ಮೂಸಿ ಮುಖ ತಿರುಗಿಸಿದವು, ಕೊನೆಗೆ ಕೋಳಿಗೆ ಹಾಕಿದೆ. ಬಂಡೂರು ಸಣ್ಣ ಕುರಿ, ತಿನ್ನುವುದೂ ಕಡಿಮೆ. ಎಳಗದ ಒಂದು ಜೊತೆಯ ಮೇವಲ್ಲಿ ಇವು ಮೂರು ಬದುಕುತ್ತವೆ.

ಅಸಲು ಲಾಭ ಇರುವುದು ಮಾರುವ ರೀತಿಯಲ್ಲಿ. ವರ್ಷದ ಟಗರು 24-25 ಕೆ.ಜಿ. ಬರುತ್ತದೆ. ವ್ಯಾಪಾರಿ ಎತ್ತರ ನೋಡಿ "ಏಳು ಸಾವಿರ ಅಣ್ಣ, ಅದಕ್ಕಿಂತ ಗಿಟ್ಟಲ್ಲ" ಅಂತಾನೆ. ನಾನು ಅವನಿಗೆ ಕೊಡುವುದನ್ನೇ ನಿಲ್ಲಿಸಿದೆ. ಶಿವರಾತ್ರಿ ಹೊತ್ತಿಗೆ ಊರವರು, ಮೈಸೂರಿನ ಗೆಳೆಯರಿಂದ ಮುಂಗಡ ಹಿಡಿದು ಯುಗಾದಿ ಮಾರನೇ ದಿನ, ಹೊಸತೊಡಕಿನ ಬೆಳಗ್ಗೆ ನಾವೇ ಕಡಿದು ಮಾಂಸವನ್ನು ಪಾಲು ಮಾಡಿ ಗುಡ್ಡೆ ಹಾಕುತ್ತೇವೆ. ನಾಲ್ಕು ಗಂಟೆಗೇ ಕೆಲಸ ಶುರು. ಬಾಳೆ ಎಲೆ ಹಾಸಿ ಸಾಲಾಗಿ ಗುಡ್ಡೆ, ಪ್ರತಿ ಗುಡ್ಡೆಗೂ ತೊಡೆ, ಎದೆ, ಚೂರು ಈಲಿ, ಒಂದು ಹಿಡಿ ಕೊಬ್ಬು. ಒಂದು ಟಗರಿಗೆ 12 ಕೆ.ಜಿ. ಹತ್ತಿರ ಮಾಂಸ, ಕೆ.ಜಿ.ಗೆ 800ರ ಲೆಕ್ಕ, ತಲೆ ಕಾಲು ಬೇರೆ. ವ್ಯಾಪಾರಿ ಹೇಳಿದ್ದಕ್ಕಿಂತ ಎರಡೂವರೆ ಸಾವಿರ ಹೆಚ್ಚೇ ಸಿಗುತ್ತದೆ. ಬಂಡೂರಿನ ಕೊಬ್ಬು ಮಾಂಸದ ಒಳಗೇ ಬೆರೆತಿರುತ್ತದೆ, ಬೇಗ ಬೇಯುತ್ತದೆ. ಒಮ್ಮೆ ತಿಂದವರು ಮುಂದಿನ ವರ್ಷಕ್ಕೆ ಅಲ್ಲೇ ಮುಂಗಡ ಕೊಡುತ್ತಾರೆ. ಒಂದು ಸಲ ನಾರಿ ಬೆರಕೆಯ ಟಗರೊಂದನ್ನು ಸೇರಿಸಿ ನೋಡಿದೆ, ನಮ್ಮ ಮೇಷ್ಟ್ರು ಮಾರನೇ ದಿನವೇ ಫೋನ್ ಮಾಡಿ "ಇದು ಅದಲ್ಲ ಕಣಯ್ಯ" ಅಂದರು.

ಹಬ್ಬಕ್ಕೆ ಒಂದೂವರೆ ತಿಂಗಳ ಮುಂಚೆಯಿಂದ ಟಗರುಗಳಿಗೆ ಬೇರೆ ತಿಂಡಿ ಕೊಡುತ್ತೇನೆ, ನೆನೆಸಿದ ಹುರುಳಿ ಇದೆ ಅನ್ನುವಷ್ಟು ಹೇಳಬಲ್ಲೆ, ಉಳಿದದ್ದು ನನ್ನಲ್ಲೇ ಇರಲಿ. ಹೆಣ್ಣು ಮರಿ ಯಾರಿಗೂ ಕೊಡುತ್ತಿಲ್ಲ. ಬಿತ್ತನೆಗೆ ಗಂಡು ಮರಿ ಬೇಕಿದ್ದರೆ ದೀಪಾವಳಿ ಕಳೆದ ಮೇಲೆ ಕೇಳಿ, ಎರಡು ಮೂರು ಇರಬಹುದು, ಚೌಕಾಸಿ ಇಲ್ಲ.